ಶೇರ್ ಮಾಡಿದ ಫೋಲ್ಡರ್ ತೆರೆಯದಿದ್ದಾಗ: ವಿಂಡೋಸ್ ಕಚೇರಿ ಜಾಲಕ್ಕೊಂದು ದೋಷ ನಿವಾರಣೆ ಕೈಪಿಡಿ

ಒಂದು ಕಂಪ್ಯೂಟರಿನಲ್ಲಿರುವ ಫೋಲ್ಡರನ್ನು ಉಳಿದವರೂ ಬಳಸುವಂತೆ ಶೇರ್ ಮಾಡಿಟ್ಟುಕೊಳ್ಳುವುದು ವಕೀಲರ ಕಚೇರಿ, ಲೆಕ್ಕಪರಿಶೋಧಕರ ಕಚೇರಿ, ಮುದ್ರಣಾಲಯ, ಶಾಲೆಯ ಆಡಳಿತ ಕೊಠಡಿ ಮೊದಲಾದ ಕಡೆಗಳಲ್ಲಿ ರೂಢಿಯಲ್ಲಿರುವ ವ್ಯವಸ್ಥೆ. ಸರ್ವರ್ ಎಂಬ ಪ್ರತ್ಯೇಕ ಯಂತ್ರವಿಲ್ಲದೆ, ಡೊಮೇನ್ (ಎಲ್ಲರ ಖಾತೆಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ವ್ಯವಸ್ಥೆ) ಇಲ್ಲದೆ, ವಿಂಡೋಸ್ 10 ಅಥವಾ 11 ಇರುವ ನಾಲ್ಕಾರು ಕಂಪ್ಯೂಟರುಗಳು ಒಂದೇ ರೂಟರಿಗೆ ಸೇರಿಕೊಂಡಿರುವ ಇಂಥ ಜಾಲವನ್ನು ಗಮನದಲ್ಲಿಟ್ಟುಕೊಂಡು ಈ ಕೈಪಿಡಿಯನ್ನು ಬರೆಯಲಾಗಿದೆ. ಫೋಲ್ಡರ್ ಇರುವ ಯಂತ್ರವನ್ನು, ಅಂದರೆ ಕಚೇರಿಯವರು ‘ಮೇನ್ ಸಿಸ್ಟಮ್’ ಎನ್ನುವುದನ್ನು, ಇಲ್ಲಿ ಮೂಲ ಕಂಪ್ಯೂಟರ್ ಎಂದು ಕರೆದಿದೆ.

ಫೋಲ್ಡರ್ ತೆರೆಯಬೇಕಾದರೆ ಮೂಲ ಕಂಪ್ಯೂಟರಿನವರೆಗೆ ದಾರಿ ಇರಬೇಕು, ಅಲ್ಲಿ ನಿಮ್ಮ ಗುರುತು ಒಪ್ಪಿಗೆಯಾಗಬೇಕು, ಆ ಗುರುತಿಗೆ ಫೋಲ್ಡರಿನ ಮೇಲೆ ಅನುಮತಿ ಇರಬೇಕು. ಇವುಗಳಲ್ಲಿ ಯಾವುದು ತಪ್ಪಿದೆಯೆಂಬುದನ್ನು ತೆರೆಯ ಮೇಲೆ ಬರುವ ಸಂದೇಶವೇ ಬಹುಮಟ್ಟಿಗೆ ಹೇಳುತ್ತದೆ. ಅದನ್ನು ಓದದೆ ಫೈರ್‌ವಾಲ್ (ಬೇಡದ ಸಂಪರ್ಕಗಳನ್ನು ತಡೆಯುವ ಕಾವಲು ವ್ಯವಸ್ಥೆ) ಆಫ್ ಮಾಡುವುದು, ‘ಎವ್ರಿಒನ್’ಗೆ, ಅಂದರೆ ಎಲ್ಲರಿಗೂ, ಪೂರ್ಣ ಅಧಿಕಾರ ಕೊಡುವುದು, ಪಾಸ್‌ವರ್ಡನ್ನೇ ತೆಗೆದುಹಾಕುವುದು ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ಅಡ್ಡದಾರಿಗಳು; ಇವುಗಳಿಂದ ಕೆಲವೊಮ್ಮೆ ಫೋಲ್ಡರ್ ತೆರೆದುಕೊಳ್ಳುವುದೂ ಉಂಟು, ಆದರೆ ತೊಂದರೆ ಎಲ್ಲಿತ್ತೆಂಬುದು ಗೊತ್ತಾಗುವುದಿಲ್ಲ ಮತ್ತು ತೆರೆದ ಬಾಗಿಲನ್ನು ಮತ್ತೆ ಯಾರೂ ಮುಚ್ಚುವುದಿಲ್ಲ.

ಏನನ್ನೂ ಬದಲಿಸುವ ಮೊದಲು

ದೋಷದ ಸಂದೇಶವನ್ನೂ ಅದರಲ್ಲಿರುವ ಸಂಖ್ಯೆಯನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಅನಂತರ ಮೂಲ ಕಂಪ್ಯೂಟರಿನ ಬಳಿಗೇ ಹೋಗಿ, ಆ ಫೋಲ್ಡರ್ ಅಲ್ಲಿ ತೆರೆಯುತ್ತದೆಯೇ ಎಂದು ನೋಡಿ. ಅಲ್ಲಿಯೇ ತೆರೆಯದಿದ್ದರೆ ಅದು ಜಾಲದ ತೊಂದರೆಯಲ್ಲ, ಡಿಸ್ಕಿನದು ಅಥವಾ ಫೋಲ್ಡರಿನದು. ಅಲ್ಲಿ ತೆರೆದು, ಬೇರೆ ಯಾವ ಕಂಪ್ಯೂಟರಿನಿಂದಲೂ ತೆರೆಯದಿದ್ದರೆ ಮೂಲ ಕಂಪ್ಯೂಟರನ್ನೋ ರೂಟರನ್ನೋ ಪರೀಕ್ಷಿಸಬೇಕು. ಒಬ್ಬರಿಗೆ ಮಾತ್ರ ತೆರೆಯದಿದ್ದರೆ ಆ ಒಬ್ಬರ ಕಂಪ್ಯೂಟರಿನಿಂದಲೇ ಆರಂಭಿಸಬೇಕು. ಈ ಒಂದು ವಿಚಾರಣೆಯಿಂದ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ.

ನಿನ್ನೆಯವರೆಗೆ ನಡೆಯುತ್ತಿದ್ದದ್ದು ಇಂದು ನಿಂತಿದ್ದರೆ ಈ ನಡುವೆ ಏನು ಬದಲಾಯಿತೆಂದು ಕೇಳಿ: ಹೊಸ ರೂಟರ್ ಬಂದಿತೇ, ವಿಂಡೋಸ್ ಅಪ್‌ಡೇಟ್ ಆಯಿತೇ, ಯಾರಾದರೂ ಪಾಸ್‌ವರ್ಡ್ ಬದಲಿಸಿದರೇ, ಕರೆಂಟ್ ಹೋಗಿ ಬಂದಿತೇ. ರೀಸ್ಟಾರ್ಟ್ ಮಾಡಿ ನೋಡುವುದು ತಪ್ಪಲ್ಲ, ಆದರೆ ಮೂಲ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡುವ ಮೊದಲು ಉಳಿದವರು ಅಲ್ಲಿನ ಕಡತಗಳನ್ನು ತೆರೆದಿಟ್ಟುಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಲೆಕ್ಕಪತ್ರದ ತಂತ್ರಾಂಶದ ದತ್ತಾಂಶ ಆ ಫೋಲ್ಡರಿನಲ್ಲಿದ್ದರೆ ಈ ಎಚ್ಚರ ಇನ್ನೂ ಹೆಚ್ಚಾಗಿರಬೇಕು.

ಲಕ್ಷಣ: ನೆಟ್‌ವರ್ಕ್ ಪಟ್ಟಿಯಲ್ಲಿ ಕಂಪ್ಯೂಟರೇ ಕಾಣಿಸುವುದಿಲ್ಲ

ಪಟ್ಟಿಯಲ್ಲಿ ಕಾಣದಿರುವುದಕ್ಕೂ ತಲುಪಲಾಗದಿರುವುದಕ್ಕೂ ಸಂಬಂಧವಿರಲೇಬೇಕೆಂದಿಲ್ಲ. ಫೈಲ್ ಎಕ್ಸ್‌ಪ್ಲೋರರಿನ ವಿಳಾಸಪಟ್ಟಿಯಲ್ಲಿ ಎರಡು ಹಿಂಬಾಗು ಗೆರೆಗಳ ನಂತರ ಮೂಲ ಕಂಪ್ಯೂಟರಿನ ಹೆಸರನ್ನಾಗಲಿ ಐಪಿ ವಿಳಾಸವನ್ನಾಗಲಿ (ಜಾಲದಲ್ಲಿ ಆ ಯಂತ್ರವನ್ನು ಗುರುತಿಸುವ ಸಂಖ್ಯೆ), ಉದಾಹರಣೆಗೆ \\192.168.1.20 ಎಂದು, ಟೈಪ್ ಮಾಡಿ ಎಂಟರ್ ಒತ್ತಿ. ಫೋಲ್ಡರುಗಳು ಕಾಣಿಸಿದರೆ ಕೆಟ್ಟಿರುವುದು ಪಟ್ಟಿ ಮಾತ್ರ. ಡೆಸ್ಕ್‌ಟಾಪಿನಲ್ಲಿ ಒಂದು ಶಾರ್ಟ್‌ಕಟ್ ಮಾಡಿಕೊಂಡು ಕೆಲಸ ಮುಂದುವರಿಸಬಹುದು.

ಪಟ್ಟಿಯನ್ನೂ ಸರಿಪಡಿಸಬೇಕೆಂದಿದ್ದರೆ ಮೂಲ ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ಆ ಸಂಪರ್ಕದ ನೆಟ್‌ವರ್ಕ್ ಪ್ರೊಫೈಲ್ ‘ಪ್ರೈವೇಟ್’ ಆಗಿದೆಯೇ ಎಂದು ಮೊದಲು ನೋಡಿ. ರೂಟರ್ ಬದಲಿಸಿದಾಗ ವಿಂಡೋಸ್ ಅದನ್ನು ಹೊಸ ಜಾಲವೆಂದೇ ಎಣಿಸಿ ‘ಪಬ್ಲಿಕ್’ ಎಂದು ಗುರುತಿಸುವುದುಂಟು. ಪಬ್ಲಿಕ್ ಎಂದಿದ್ದರೆ ಹೊರಗಿನಿಂದ ಬರುವ ಹಂಚಿಕೆಯ ಕೋರಿಕೆಗಳನ್ನು ಫೈರ್‌ವಾಲ್ ಸಾಮಾನ್ಯವಾಗಿ ತಡೆಯುತ್ತದೆ. ಬಸ್ ನಿಲ್ದಾಣದ ವೈಫೈನಲ್ಲಿ ಅದು ಹಾಗೆಯೇ ಇರಬೇಕು, ಕಚೇರಿಯಲ್ಲಿ ಪ್ರೈವೇಟ್ ಆಗಬೇಕು. ಅದರ ಜೊತೆಗೆ ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಡಿಸ್ಕವರಿ ಹಾಗೂ ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎರಡೂ ಆನ್ ಆಗಿರಬೇಕು.

ಇಷ್ಟಾದರೂ ಕಾಣದಿದ್ದರೆ ಮೂಲ ಕಂಪ್ಯೂಟರಿನ ಸರ್ವೀಸಸ್ ಪಟ್ಟಿಯಲ್ಲಿ ‘ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್’ ಮತ್ತು ‘ಫಂಕ್ಷನ್ ಡಿಸ್ಕವರಿ ಪ್ರೊವೈಡರ್ ಹೋಸ್ಟ್’ ಎಂಬ ಎರಡು ಸೇವೆಗಳನ್ನು ಆಟೊಮ್ಯಾಟಿಕ್ ಮಾಡಿ ಆರಂಭಿಸಿ. 2018ರಲ್ಲಿ ಬಂದ ವಿಂಡೋಸ್ 10ರ 1803 ಆವೃತ್ತಿಯಲ್ಲಿ ಹೋಮ್‌ಗ್ರೂಪ್ ಎಂಬ ಹಳೆಯ ಹಂಚಿಕೆ ಸೌಲಭ್ಯವನ್ನು ಮೈಕ್ರೋಸಾಫ್ಟ್ ತೆಗೆದುಹಾಕಿತು. ಹಾಗಾಗಿ ಹಳೆಯ ಲೇಖನಗಳನ್ನು ನೋಡಿಕೊಂಡು ಹೋಮ್‌ಗ್ರೂಪ್ ಹುಡುಕುವುದರಲ್ಲಿ ಸಮಯ ಕಳೆಯಬೇಡಿ.

ಲಕ್ಷಣ: ‘ನೆಟ್‌ವರ್ಕ್ ಪಾತ್ ಸಿಗಲಿಲ್ಲ’ ಎಂಬ ಸಂದೇಶ, 53 ಅಥವಾ 80070035 ಎಂಬ ಸಂಖ್ಯೆ

ದಾರಿಯೇ ಇಲ್ಲವೆಂಬುದು ಈ ಸಂದೇಶದ ಅರ್ಥ. ಆದ್ದರಿಂದ ಈ ಹಂತದಲ್ಲಿ ಫೋಲ್ಡರಿನ ಅನುಮತಿಗಳನ್ನು ಮುಟ್ಟಬಾರದು; ಕೋರಿಕೆ ಅಲ್ಲಿಯವರೆಗೆ ಹೋಗಿಯೇ ಇಲ್ಲ. ಇದಕ್ಕಿಂತ ಭಿನ್ನವಾಗಿ 67 ಎಂಬ ಸಂಖ್ಯೆ ಬಂದರೆ, ಕಂಪ್ಯೂಟರ್ ಸಿಕ್ಕಿದ್ದು ಆ ಹೆಸರಿನ ಹಂಚಿಕೆ ಅಲ್ಲಿ ಸಿಗದಿರುವ ಸಾಧ್ಯತೆಯೇ ಹೆಚ್ಚು. ಆಗ ಹೆಸರಿನ ಕಾಗುಣಿತವನ್ನು ನೋಡಿ, ಯಾರಾದರೂ ಫೋಲ್ಡರಿನ ಹೆಸರು ಬದಲಿಸಿದ್ದಾರೆಯೇ ಎಂದು ವಿಚಾರಿಸಿ.

ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸೋಣ. ಮೂಲ ಕಂಪ್ಯೂಟರ್ ಆನ್ ಆಗಿದೆಯೇ, ಸ್ಲೀಪ್‌ಗೆ ಹೋಗಿದೆಯೇ? ಲ್ಯಾನ್ ಕೇಬಲ್ ಸೇರುವ ಜಾಗದ ಪುಟ್ಟ ದೀಪ ಉರಿಯುತ್ತಿದೆಯೇ? ಇವೆರಡೂ ಸರಿಯಿದ್ದರೆ ಎರಡೂ ಕಂಪ್ಯೂಟರುಗಳ ಐಪಿ ವಿಳಾಸಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಸಂಪರ್ಕದ ಪ್ರಾಪರ್ಟೀಸ್ ತೆರೆದರೆ ವಿಳಾಸ ಸಿಗುತ್ತದೆ.

ವಿಳಾಸ 169.254 ಎಂದು ಆರಂಭವಾಗಿದ್ದರೆ ಆ ಕಂಪ್ಯೂಟರಿಗೆ ರೂಟರಿನಿಂದ ವಿಳಾಸ ದೊರೆತಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿದೆ. ಕರೆಂಟ್ ಹೋಗಿ ಬಂದಾಗ ರೂಟರಿಗಿಂತ ಮೊದಲು ಕಂಪ್ಯೂಟರ್ ಎದ್ದರೂ ಹೀಗಾಗಬಹುದು. ಕೇಬಲ್ ತೆಗೆದು ಮತ್ತೆ ಹಾಕಿದರೆ ಅಥವಾ ವೈಫೈ ಆಫ್ ಮಾಡಿ ಆನ್ ಮಾಡಿದರೆ ಸಾಕಾಗುತ್ತದೆ. ವಿಳಾಸ ಸರಿಯಾಗಿದ್ದು ಕಳೆದ ವಾರದ್ದಕ್ಕಿಂತ ಬೇರೆಯಾಗಿದ್ದರೆ, ಐಪಿ ಬಳಸಿ ಮಾಡಿದ ಹಳೆಯ ಶಾರ್ಟ್‌ಕಟ್‌ಗಳು ದಾರಿ ತಪ್ಪಿರುತ್ತವೆ. ರೂಟರಿನ ಸೆಟ್ಟಿಂಗ್ಸ್‌ನಲ್ಲಿ ‘ಅಡ್ರೆಸ್ ರಿಸರ್ವೇಶನ್’ ಎಂಬುದರ ಮೂಲಕ ಮೂಲ ಕಂಪ್ಯೂಟರಿಗೆ ಒಂದೇ ವಿಳಾಸವನ್ನು ಕಾಯಂ ಮಾಡುವುದು ಇದಕ್ಕೆ ಸರಿಯಾದ ಪರಿಹಾರ.

ಒಂದು ಕಂಪ್ಯೂಟರಿನದು 192.168.1, ಇನ್ನೊಂದರದು 192.168.0 ಎಂದು ಆರಂಭವಾಗಿದ್ದರೆ ಕಾರಣ ಬಹುತೇಕ ಕಣ್ಣೆದುರೇ ಇರುತ್ತದೆ. ಫೈಬರ್ ಸಂಪರ್ಕ ಕೊಟ್ಟ ಕಂಪನಿಯವರ ಪೆಟ್ಟಿಗೆಯೂ ಒಂದು ರೂಟರೇ. ಸಿಗ್ನಲ್ ಸಾಲದೆಂದು ಅದರ ಹಿಂದೆ ಇನ್ನೊಂದು ರೂಟರ್ ಜೋಡಿಸಿದಾಗ ಕಚೇರಿಯೊಳಗೆ ಎರಡು ಜಾಲಗಳು ಹುಟ್ಟುತ್ತವೆ. ಒಳಗಿನ ರೂಟರಿನವರು ಹೊರಗಿನ ಜಾಲದ ಕಂಪ್ಯೂಟರನ್ನು ತಲುಪಬಲ್ಲರು, ಹೊರಗಿನವರು ಒಳಗಿನದನ್ನು ತಲುಪಲಾರರು. ‘ಅವರಿಗೆ ನಮ್ಮದು ತೆರೆಯುವುದಿಲ್ಲ, ನಮಗೆ ಮಾತ್ರ ಅವರದು ತೆರೆಯುತ್ತದೆ’ ಎಂಬ ವಿಚಿತ್ರ ದೂರು ಬರುವುದು ಇಂಥಲ್ಲಿಯೇ. ಎರಡನೆಯ ರೂಟರನ್ನು ‘ಆಕ್ಸೆಸ್ ಪಾಯಿಂಟ್’ ವಿಧಾನಕ್ಕೆ ಬದಲಿಸಿದರೆ ಎಲ್ಲರೂ ಒಂದೇ ಜಾಲಕ್ಕೆ ಬರುತ್ತಾರೆ. ಅದೇ ರೀತಿ, ಲ್ಯಾಪ್‌ಟಾಪ್ ‘ಗೆಸ್ಟ್’ ವೈಫೈಗೆ ಸೇರಿದ್ದರೆ ಇಂಟರ್‌ನೆಟ್ ಚೆನ್ನಾಗಿಯೇ ನಡೆಯುತ್ತದೆ, ಉಳಿದ ಕಂಪ್ಯೂಟರುಗಳು ಮಾತ್ರ ಸಿಗುವುದಿಲ್ಲ, ಏಕೆಂದರೆ ಗೆಸ್ಟ್ ಜಾಲದ ಉದ್ದೇಶವೇ ಅದು. ಲ್ಯಾಪ್‌ಟಾಪಿನಲ್ಲಿ ವಿಪಿಎನ್ (ಇಂಟರ್‌ನೆಟ್ ಮೂಲಕ ಬೇರೊಂದು ಜಾಲಕ್ಕೆ ಸೇರಿಸುವ ಗುಪ್ತ ಸಂಪರ್ಕ) ಆನ್ ಇದ್ದರೂ ಸ್ಥಳೀಯ ದಾರಿ ಮುಚ್ಚಿರಬಹುದು. ಅದನ್ನು ಆಫ್ ಮಾಡಿ ನೋಡಿ.

ವಿಳಾಸದಿಂದ ತೆರೆದು ಹೆಸರಿನಿಂದ ತೆರೆಯದಿದ್ದರೆ ದೋಷವಿರುವುದು ಹೆಸರನ್ನು ವಿಳಾಸಕ್ಕೆ ಬದಲಿಸುವ ವ್ಯವಸ್ಥೆಯಲ್ಲಿ. ಕಂಪ್ಯೂಟರಿನ ಹೆಸರು 15 ಅಕ್ಷರಗಳೊಳಗಿರಲಿ, ಒಂದೇ ಹೆಸರಿನ ಎರಡು ಯಂತ್ರಗಳಿರದಿರಲಿ. ಒಂದರ ಡಿಸ್ಕನ್ನು ನಕಲು ಮಾಡಿ ಇನ್ನೊಂದನ್ನು ಸಿದ್ಧಪಡಿಸಿದ ಕಡೆ ಈ ಹೆಸರಿನ ಘರ್ಷಣೆ ಹೆಚ್ಚು.

ವಿಳಾಸದಿಂದಲೂ ತೆರೆಯದಿದ್ದರೆ ಪಿಂಗ್ ಮಾಡಿ, ಅಂದರೆ ಆ ಯಂತ್ರಕ್ಕೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರುವುದೇ ಎಂದು ನೋಡುವುದು ವಾಡಿಕೆ. ಆದರೆ ಪಿಂಗಿಗೆ ಉತ್ತರ ಬಾರದಿದ್ದ ಮಾತ್ರಕ್ಕೆ ಯಂತ್ರವಿಲ್ಲವೆಂದು ತೀರ್ಮಾನಿಸಬಾರದು, ಫೈರ್‌ವಾಲ್ ಆ ಉತ್ತರವನ್ನಷ್ಟೇ ತಡೆದಿರಬಹುದು. ಉತ್ತರ ಬಂದ ಮಾತ್ರಕ್ಕೆ ಹಂಚಿಕೆಯ ದಾರಿ ತೆರೆದಿದೆಯೆಂದೂ ಹೇಳಲಾಗದು. ವಿಂಡೋಸಿನ ಕಡತ ಹಂಚಿಕೆ ನಡೆಯುವುದು ಎಸ್‌ಎಂಬಿ ಎಂಬ ಪ್ರೋಟೋಕಾಲಿನ (ಯಂತ್ರಗಳ ನಡುವಿನ ಸಂವಹನ ನಿಯಮಾವಳಿಯ) ಮೂಲಕ, ಅದರ ಬಾಗಿಲು 445ನೇ ಪೋರ್ಟ್. ವಿಂಡೋಸಿನಲ್ಲಿ ಆದೇಶಗಳನ್ನು ಟೈಪ್ ಮಾಡುವ ಪವರ್‌ಶೆಲ್‌ನ ‘ಟೆಸ್ಟ್-ನೆಟ್‌ಕನೆಕ್ಷನ್’ ಆದೇಶಕ್ಕೆ ಮೂಲ ಕಂಪ್ಯೂಟರಿನ ವಿಳಾಸ ಮತ್ತು ಈ ಪೋರ್ಟ್ ಸಂಖ್ಯೆಯನ್ನು ಕೊಟ್ಟರೆ ‘ಟ್ರೂ’ ಅಥವಾ ‘ಫಾಲ್ಸ್’ ಎಂಬ ನೇರ ಉತ್ತರ ಸಿಗುತ್ತದೆ. ಫಾಲ್ಸ್ ಬಂದರೆ ಮೂಲ ಕಂಪ್ಯೂಟರಿನ ಫೈರ್‌ವಾಲಿನಲ್ಲಿ ‘ಫೈಲ್ ಅಂಡ್ ಪ್ರಿಂಟರ್ ಶೇರಿಂಗ್’ಗೆ ಪ್ರೈವೇಟ್ ಜಾಲದಲ್ಲಿ ಅನುಮತಿ ಕೊಡಿ. ಬೇರೆ ಕಂಪನಿಯ ಆಂಟಿವೈರಸ್ ತನ್ನದೇ ಫೈರ್‌ವಾಲ್ ಇಟ್ಟುಕೊಂಡಿದ್ದರೆ ಅದರಲ್ಲಿಯೂ ಈ ಜಾಲವನ್ನು ನಂಬಿಕೆಯ ಜಾಲವೆಂದು ಗುರುತಿಸಬೇಕು. ಇಡೀ ಫೈರ್‌ವಾಲನ್ನು ಆಫ್ ಮಾಡುವ ಅಗತ್ಯ ಎಲ್ಲಿಯೂ ಬರುವುದಿಲ್ಲ.

ಎಚ್ಚರಿಕೆ: ಮನೆಯಿಂದಲೂ ಕಚೇರಿಯ ಫೋಲ್ಡರ್ ತೆರೆಯಬೇಕೆಂಬ ಆಸೆಗೆ ರೂಟರಿನಲ್ಲಿ 445ನೇ ಪೋರ್ಟನ್ನು ಇಂಟರ್‌ನೆಟ್ಟಿಗೆ ಎಂದಿಗೂ ತೆರೆದಿಡಬೇಡಿ. ಅದಕ್ಕಿರುವ ದಾರಿ ವಿಪಿಎನ್.

ಲಕ್ಷಣ: ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಮತ್ತೆ ಮತ್ತೆ ಕೇಳುತ್ತದೆ

ದಾರಿ ಸರಿಯಿದೆ, ಗುರುತು ಒಪ್ಪಿಗೆಯಾಗುತ್ತಿಲ್ಲ. ಕಚೇರಿಗಳಲ್ಲಿ ಜನರನ್ನು ಅತಿ ಹೆಚ್ಚು ದಣಿಸುವ ದೋಷ ಇದೇ. ಸಂದೇಶದಲ್ಲಿ 1326 ಅಥವಾ 86 ಎಂಬ ಸಂಖ್ಯೆ ಇರಬಹುದು.

ಕೇಳುತ್ತಿರುವುದು ಮೂಲ ಕಂಪ್ಯೂಟರಿನಲ್ಲಿರುವ ಖಾತೆಯ ಹೆಸರು ಮತ್ತು ಪಾಸ್‌ವರ್ಡ್, ನಿಮ್ಮ ಕಂಪ್ಯೂಟರಿನದಲ್ಲ. ಎರಡನೆಯ ಮಾತು ಪಿನ್‌ಗೆ ಸಂಬಂಧಿಸಿದ್ದು: ಪ್ರತಿದಿನ ಬೆಳಿಗ್ಗೆ ಒತ್ತುವ ನಾಲ್ಕಾರು ಅಂಕಿಗಳ ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸೇರಿದ್ದು, ಜಾಲದ ಮೂಲಕ ಅದು ನಡೆಯುವುದಿಲ್ಲ. ಮೂಲ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಖಾತೆಯಿದ್ದರೆ ಬಳಕೆದಾರರ ಹೆಸರಿನ ಜಾಗದಲ್ಲಿ ಪೂರ್ತಿ ಇಮೇಲ್ ವಿಳಾಸವನ್ನೂ ಪಾಸ್‌ವರ್ಡಿನ ಜಾಗದಲ್ಲಿ ಆ ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡನ್ನೂ ಕೊಡಬೇಕು. ಸ್ಥಳೀಯ ಖಾತೆಯಾಗಿದ್ದರೆ ಕಂಪ್ಯೂಟರಿನ ಹೆಸರು, ಒಂದು ಹಿಂಬಾಗು ಗೆರೆ, ಖಾತೆಯ ಹೆಸರು, ಈ ಕ್ರಮದಲ್ಲಿ ಬರೆಯುವುದು ಕ್ಷೇಮ. ಇಲ್ಲದಿದ್ದರೆ ಯಾವ ಯಂತ್ರದ ಖಾತೆಯೆಂಬ ಗೊಂದಲ ಉಳಿಯುತ್ತದೆ.

ಖಾತೆಗೆ ಪಾಸ್‌ವರ್ಡೇ ಇಲ್ಲದಿದ್ದರೆ 1327 ಎಂಬ ಸಂಖ್ಯೆ ಬರಬಹುದು. ಪಾಸ್‌ವರ್ಡ್ ಇಲ್ಲದ ಖಾತೆಯಿಂದ ಯಂತ್ರದ ಮುಂದೆ ಕುಳಿತು ಮಾತ್ರ ಲಾಗಿನ್ ಆಗಬಹುದು, ಜಾಲದ ಮೂಲಕ ಅಲ್ಲ ಎಂಬುದು ವಿಂಡೋಸಿನ ಮೂಲ ನಿಯಮ. ಆ ನಿಯಮವನ್ನು ಸಡಿಲಿಸುವ ಬದಲು ಪಾಸ್‌ವರ್ಡ್ ಇಡಿ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಮಾತು. ನುಡಿ ಅಥವಾ ಬರಹ ತಂತ್ರಾಂಶ ಕನ್ನಡಕ್ಕೆ ಬದಲಾಗಿದ್ದಾಗ, ಅಥವಾ ವಿಂಡೋಸಿನ ಕೀಲಿಮಣೆಯೇ ಕನ್ನಡದಲ್ಲಿದ್ದಾಗ, ಪಾಸ್‌ವರ್ಡಿನ ಚೌಕದಲ್ಲಿ ಚುಕ್ಕೆಗಳಷ್ಟೇ ಕಾಣುವುದರಿಂದ ಯಾವ ಅಕ್ಷರ ಬೀಳುತ್ತಿದೆಯೆಂಬುದು ತಿಳಿಯುವುದಿಲ್ಲ. ಚೌಕದ ಬದಿಯ ಕಣ್ಣಿನ ಗುರುತನ್ನು ಒತ್ತಿ ಒಮ್ಮೆ ನೋಡಿಬಿಡಿ.

ಇವೆಲ್ಲ ಸರಿಯಿದ್ದರೆ ಹಳೆಯ ನೆನಪನ್ನು ಅಳಿಸಬೇಕು. ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ, ವಿಂಡೋಸ್ ಕ್ರೆಡೆನ್ಷಿಯಲ್ಸ್ ವಿಭಾಗದಲ್ಲಿ, ಮೂಲ ಕಂಪ್ಯೂಟರಿನ ಹೆಸರಿನಲ್ಲೋ ವಿಳಾಸದಲ್ಲೋ ಇರುವ ನಮೂದನ್ನು ತೆಗೆದುಹಾಕಿ, ಒಮ್ಮೆ ಸೈನ್ ಔಟ್ ಆಗಿ ಮತ್ತೆ ಪ್ರಯತ್ನಿಸಿ. ಪಾಸ್‌ವರ್ಡ್ ಬದಲಿಸಿದ ನಂತರ ಬರುವ ತೊಂದರೆಗಳಲ್ಲಿ ಬಹುಪಾಲು ಇಲ್ಲಿಯೇ ಮುಗಿಯುತ್ತವೆ. 1219 ಎಂಬ ಸಂಖ್ಯೆ ಬಂದರೆ, ಅದೇ ಮೂಲ ಕಂಪ್ಯೂಟರಿಗೆ ನೀವು ಈಗಾಗಲೇ ಬೇರೊಂದು ಹೆಸರಿನಲ್ಲಿ ಸಂಪರ್ಕ ಹೊಂದಿದ್ದೀರಿ ಎಂದರ್ಥ. ಒಂದು ಕಂಪ್ಯೂಟರಿಗೆ ಏಕಕಾಲದಲ್ಲಿ ಎರಡು ಗುರುತುಗಳಿಂದ ಹೋಗಲು ವಿಂಡೋಸ್ ಬಿಡುವುದಿಲ್ಲ. ಹಳೆಯ ಮ್ಯಾಪ್ ಮಾಡಿದ ಡ್ರೈವ್‌ಗಳನ್ನು (ಡ್ರೈವ್ ಅಕ್ಷರ ಕೊಟ್ಟು ಜೋಡಿಸಿಕೊಂಡ ಶೇರ್ ಫೋಲ್ಡರುಗಳನ್ನು) ಕಡಿದು ಹೊಸದಾಗಿ ಜೋಡಿಸಿ.

ಪದೇ ಪದೇ ತಪ್ಪು ಪಾಸ್‌ವರ್ಡ್ ಕೊಡುತ್ತ ಕೂರಬೇಡಿ. ಹೊಸದಾಗಿ ವಿಂಡೋಸ್ 11ರ 22ಎಚ್2 ಅಥವಾ ಅದರ ನಂತರದ ಆವೃತ್ತಿ ಹಾಕಿದ ಯಂತ್ರಗಳಲ್ಲಿ 10 ಬಾರಿ ತಪ್ಪಿದರೆ ಖಾತೆ 10 ನಿಮಿಷ ಬೀಗ ಹಾಕಿಕೊಳ್ಳುವುದು ಮೊದಲೇ ಇರುವ ಏರ್ಪಾಡು. ಯಾರೂ ಟೈಪ್ ಮಾಡದಿದ್ದರೂ ಖಾತೆ ಬೀಗ ಬೀಳುತ್ತಿದ್ದರೆ, ಹಳೆಯ ಪಾಸ್‌ವರ್ಡನ್ನು ಇಟ್ಟುಕೊಂಡಿರುವ ಸ್ಕ್ಯಾನರ್ ಅಥವಾ ಇನ್ನೊಂದು ಕಂಪ್ಯೂಟರ್ ತಾನಾಗಿಯೇ ಪ್ರಯತ್ನಿಸುತ್ತಿರಬಹುದು.

ನನ್ನ ಅಭಿಪ್ರಾಯದಲ್ಲಿ, ಮಾಲೀಕರ ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡನ್ನು ಕಚೇರಿಯವರಿಗೆಲ್ಲ ಹಂಚುವುದಕ್ಕಿಂತ ಮೂಲ ಕಂಪ್ಯೂಟರಿನಲ್ಲಿ ಹಂಚಿಕೆಗಾಗಿಯೇ ಒಂದು ಸ್ಥಳೀಯ ಖಾತೆಯನ್ನು, ಅಡ್ಮಿನ್ ಅಧಿಕಾರವಿಲ್ಲದೆ, ತೆರೆಯುವುದು ಎಲ್ಲ ರೀತಿಯಿಂದಲೂ ಮೇಲು. ವಿಂಡೋಸಿನ ಹೋಮ್ ಆವೃತ್ತಿಯಲ್ಲಿಯೂ ಇದು ಸಾಧ್ಯ.

ಲಕ್ಷಣ: ಫೋಲ್ಡರ್ ಕಾಣುತ್ತದೆ, ತೆರೆಯಲು ಅಥವಾ ಉಳಿಸಲು ಬಿಡುವುದಿಲ್ಲ

‘ಆಕ್ಸೆಸ್ ಡಿನೈಡ್’ ಅಥವಾ 5 ಎಂಬ ಸಂಖ್ಯೆ ಬಂದರೆ ದಾರಿ ಮತ್ತು ಗುರುತು ಎರಡೂ ದಾಟಿವೆ, ಉಳಿದಿರುವುದು ಅನುಮತಿ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ‘ಶೇರಿಂಗ್’ ಮತ್ತು ‘ಸೆಕ್ಯುರಿಟಿ’ ಎಂಬ ಎರಡು ಟ್ಯಾಬ್‌ಗಳಿವೆ. ಜಾಲದಿಂದ ಬರುವವರಿಗೆ ಎರಡೂ ಕಡೆ ಅನುಮತಿ ಇರಬೇಕು, ಮತ್ತು ಎರಡರಲ್ಲಿ ಕಡಿಮೆಯಿರುವುದೇ ಊರ್ಜಿತ. ಶೇರಿಂಗ್‌ನಲ್ಲಿ ಪೂರ್ಣ ಅಧಿಕಾರವಿದ್ದು ಸೆಕ್ಯುರಿಟಿಯಲ್ಲಿ ಓದುವ ಅಧಿಕಾರ ಮಾತ್ರ ಇದ್ದರೆ ಕಡತ ತೆರೆಯುತ್ತದೆ, ಉಳಿಸಲಾಗುವುದಿಲ್ಲ. ಮೂಲ ಕಂಪ್ಯೂಟರಿನ ಮುಂದೆ ಕುಳಿತವರಿಗೆ ಸೆಕ್ಯುರಿಟಿ ಮಾತ್ರ ಅನ್ವಯಿಸುವುದರಿಂದ ‘ನನಗೆ ಸರಿಯಾಗಿಯೇ ಇದೆಯಲ್ಲ’ ಎಂದು ಅವರು ಹೇಳುವುದೂ ಸಹಜ.

ಫೋಲ್ಡರಿನಲ್ಲಿ ಒಂದೆರಡು ಕಡತಗಳಷ್ಟೇ ತೆರೆಯದಿದ್ದರೆ, ಅವನ್ನು ಅದೇ ಡ್ರೈವಿನ ಇನ್ನೊಂದು ಜಾಗದಿಂದ ಕಟ್ ಮಾಡಿ ತಂದಿದ್ದಾರೆಯೇ ಎಂದು ಕೇಳಿ. ಹಾಗೆ ಸರಿಸಿದ ಕಡತಗಳು ಹಳೆಯ ಜಾಗದ ಅನುಮತಿಯನ್ನೇ ಉಳಿಸಿಕೊಂಡಿರಬಹುದು. ವಿಂಡೋಸ್ ಹೊಸದಾಗಿ ಹಾಕಿದ ನಂತರ ತೊಂದರೆ ಬಂದಿದ್ದರೆ ಸೆಕ್ಯುರಿಟಿ ಪಟ್ಟಿಯಲ್ಲಿ ಹೆಸರಿನ ಬದಲು ಎಸ್ ಎಂಬ ಅಕ್ಷರದಿಂದ ಆರಂಭವಾಗುವ ಉದ್ದನೆಯ ಸಂಖ್ಯೆ ಕಾಣಬಹುದು. ಅದು ಈಗ ಅಸ್ತಿತ್ವದಲ್ಲಿಲ್ಲದ ಖಾತೆಯ ಕುರುಹು. ಹೊಸ ಖಾತೆಗೆ ಅನುಮತಿ ಸೇರಿಸಬೇಕು.

ಅನುಮತಿ ಬದಲಿಸುವ ಮೊದಲು ಈಗಿರುವ ಸ್ಥಿತಿಯ ಫೋಟೊ ತೆಗೆದಿಡಿ, ಮುಖ್ಯ ದತ್ತಾಂಶದ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಡಿ. ಒಳಗಿನ ಎಲ್ಲ ಕಡತಗಳ ಅನುಮತಿಯನ್ನು ಒಂದೇ ಸಲಕ್ಕೆ ಬದಲಿಸುವ ಆಯ್ಕೆಗೆ ಹಿಂದಕ್ಕೆ ಮರಳುವ ಗುಂಡಿ ಇರುವುದಿಲ್ಲ. ಇಡೀ ಸಿ ಡ್ರೈವನ್ನು ಶೇರ್ ಮಾಡುವುದಂತೂ ಸಲ್ಲದು. ಒಬ್ಬರನ್ನು ಹೊಸ ಗುಂಪಿಗೆ ಸೇರಿಸಿದ್ದರೆ ಅವರು ಸೈನ್ ಔಟ್ ಆಗಿ ಬರುವವರೆಗೆ ಬದಲಾವಣೆ ಕಾಣುವುದಿಲ್ಲ.

‘ಕಡತ ಇನ್ನೊಬ್ಬರ ಬಳಕೆಯಲ್ಲಿದೆ’ ಎಂಬುದು ಅನುಮತಿಯ ದೋಷವಲ್ಲ. ಮೂಲ ಕಂಪ್ಯೂಟರಿನ ಕಂಪ್ಯೂಟರ್ ಮ್ಯಾನೇಜ್‌ಮೆಂಟಿನಲ್ಲಿ, ಶೇರ್ಡ್ ಫೋಲ್ಡರ್ಸ್ ಕೆಳಗೆ, ಯಾರು ಯಾವ ಕಡತ ತೆರೆದಿದ್ದಾರೆಂಬ ಪಟ್ಟಿ ಇದೆ. ಬಲವಂತವಾಗಿ ಮುಚ್ಚಿದರೆ ಅವರು ಉಳಿಸದ ಕೆಲಸ ಹೋಗುತ್ತದೆ. ಮೊದಲು ಎದ್ದು ಹೋಗಿ ಕೇಳಿ.

ಲಕ್ಷಣ: ಅಪ್‌ಡೇಟ್ ಆದ ಮೇಲೆ ಹಳೆಯ ಸ್ಟೋರೇಜ್ ಪೆಟ್ಟಿಗೆ ಅಥವಾ ಸ್ಕ್ಯಾನರ್ ನಿಂತುಹೋಯಿತು

2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹರಡಿದ್ದು ಎಸ್‌ಎಂಬಿಯ ಮೊದಲ ಆವೃತ್ತಿಯಲ್ಲಿದ್ದ ದೌರ್ಬಲ್ಯದ ಮೂಲಕ. ಅದಕ್ಕೆ ಬೇಕಾದ ತಿದ್ದುಪಡಿ ಅದೇ ವರ್ಷದ ಮಾರ್ಚ್‌ನಲ್ಲಿಯೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಆ ವರ್ಷದ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಆ ಹಳೆಯ ಪ್ರೋಟೋಕಾಲನ್ನು ಕೈಬಿಡುವ ಕೆಲಸ ಶುರುವಾಯಿತು. ‘ಈ ಹಂಚಿಕೆ ಸುರಕ್ಷಿತವಲ್ಲ, ಹಳೆಯ ಎಸ್‌ಎಂಬಿ1 ಬೇಕಾಗುತ್ತದೆ’ ಎಂಬ ಸಂದೇಶ ಅಥವಾ 384 ಎಂಬ ಸಂಖ್ಯೆ ಬಂದರೆ ಕಾರಣ ಇದೇ. ವಿಂಡೋಸ್ ಫೀಚರ್ಸ್‌ನಲ್ಲಿ ಅದನ್ನು ಮತ್ತೆ ಆನ್ ಮಾಡಬಹುದೆಂದು ಹಲವರು ಸಲಹೆ ಕೊಡುತ್ತಾರೆ, ಕೆಲಸವೂ ನಡೆಯುತ್ತದೆ; ಆದರೂ ಹಳೆಯ ಸ್ಟೋರೇಜ್ ಪೆಟ್ಟಿಗೆಯ (ಜಾಲಕ್ಕೆ ನೇರವಾಗಿ ಜೋಡಿಸಿದ ಡಿಸ್ಕ್ ಸಾಧನದ) ಫರ್ಮ್‌ವೇರ್, ಅಂದರೆ ಅದರೊಳಗಿನ ತಂತ್ರಾಂಶ, ಹೊಸದಾಗಿಸಿ ಎಸ್‌ಎಂಬಿ2 ಆನ್ ಮಾಡುವುದು, ಅದು ಸಾಧ್ಯವಿಲ್ಲದಿದ್ದರೆ ದತ್ತಾಂಶ ತೆಗೆದುಕೊಂಡು ಪೆಟ್ಟಿಗೆಯನ್ನು ನಿವೃತ್ತಿಗೊಳಿಸುವುದು ಸರಿಯಾದ ದಾರಿ.

‘ಗುರುತಿಲ್ಲದ ಅತಿಥಿ ಪ್ರವೇಶವನ್ನು ಸಂಸ್ಥೆಯ ಭದ್ರತಾ ನೀತಿ ತಡೆದಿದೆ’ ಎಂಬ ಅರ್ಥದ ಸಂದೇಶ ಅಥವಾ 1272 ಬಂದರೆ ಪಾಸ್‌ವರ್ಡ್ ಕೇಳದೆ ತೆರೆಯುತ್ತಿದ್ದ ಹಂಚಿಕೆ ಅದೆಂದು ತಿಳಿಯಿರಿ. ವಿಂಡೋಸ್ 11ರ 24ಎಚ್2 ಪ್ರೊ ಆವೃತ್ತಿಯಲ್ಲಿ ಇಂಥ ಪ್ರವೇಶ ಮುಚ್ಚಿದೆ. ಅಲ್ಲದೆ ಯಂತ್ರಗಳ ನಡುವಿನ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ (ಸೈನಿಂಗ್) ಕಡ್ಡಾಯವಾಗಿದೆ. ಸ್ಟೋರೇಜ್ ಪೆಟ್ಟಿಗೆಯಲ್ಲಿ ಹೆಸರು, ಪಾಸ್‌ವರ್ಡ್ ಇರುವ ಖಾತೆ ತೆರೆದು, ಎಸ್‌ಎಂಬಿ ಸೈನಿಂಗ್ ಆಯ್ಕೆಯಿದ್ದರೆ ಆನ್ ಮಾಡಿ.

ಲಕ್ಷಣ: ಡ್ರೈವಿನ ಮೇಲೆ ಕೆಂಪು ಗುರುತು, ನಡುನಡುವೆ ಕಡಿತ

ಕೆಂಪು ಗುರುತಿದ್ದರೂ ಡಬಲ್ ಕ್ಲಿಕ್ ಮಾಡಿದಾಗ ತೆರೆದರೆ ಚಿಂತೆಯಿಲ್ಲ. ಕೆಲಸವಿಲ್ಲದ ಸಂಪರ್ಕವನ್ನು 15 ನಿಮಿಷಗಳ ನಂತರ ಮೂಲ ಕಂಪ್ಯೂಟರ್ ಕಡಿಯುತ್ತದೆ, ಬೇಕಾದಾಗ ಸಂಪರ್ಕ ಮತ್ತೆ ಜೋಡಿಕೊಳ್ಳುತ್ತದೆ. ಬೆಳಿಗ್ಗೆ ಮಾತ್ರ ಹೀಗಾದರೆ ವೈಫೈ ಸಿಗುವ ಮೊದಲೇ ವಿಂಡೋಸ್ ಡ್ರೈವ್ ಹುಡುಕಿರುತ್ತದೆ.

ಕೆಲಸದ ನಡುವೆಯೇ ಕಡಿದರೆ ಮೂಲ ಕಂಪ್ಯೂಟರಿನ ಸ್ಲೀಪ್ ಅವಧಿಯನ್ನು ‘ನೆವರ್’ ಮಾಡಿ, ಅದನ್ನು ವೈಫೈನಿಂದ ಲ್ಯಾನ್ ಕೇಬಲ್ಲಿಗೆ ತನ್ನಿ. ಗಿಗಾಬಿಟ್ ಸಂಪರ್ಕದ ವೇಗ 100 ಮೆಗಾಬಿಟ್‌ಗೆ ಇಳಿದಿದ್ದರೆ ಕೇಬಲನ್ನು ಶಂಕಿಸಿ: ಗಿಗಾಬಿಟ್ಟಿಗೆ ಒಳಗಿನ ನಾಲ್ಕು ಜೋಡಿ ತಂತಿಗಳೂ ಬೇಕು, 100ಕ್ಕೆ ಎರಡೇ ಸಾಕು. ಹೊಸ ಕೇಬಲ್ ಹಾಕಿ ನೋಡುವುದು ಇಡೀ ಕೈಪಿಡಿಯಲ್ಲೇ ಅಗ್ಗದ ರಿಪೇರಿ. ಜನ ಹೆಚ್ಚಾದಾಗ ಮಾತ್ರ ಕೊನೆಯವರಿಗೆ ತೆರೆಯದಿದ್ದರೆ, 71 ಎಂಬ ಸಂಖ್ಯೆ ಇದೆಯೇ ನೋಡಿ. ವಿಂಡೋಸ್ 10 ಮತ್ತು 11 ಏಕಕಾಲಕ್ಕೆ 20 ಸಂಪರ್ಕಗಳಿಗಷ್ಟೇ ಅವಕಾಶ ಕೊಡುತ್ತವೆ.

ಕೈ ಹಿಂದೆಗೆಯಬೇಕಾದ ಸಂದರ್ಭಗಳು

ಕಡತಗಳ ಹೆಸರಿನ ಕೊನೆಗೆ ಅಪರಿಚಿತ ಅಕ್ಷರಗಳು ಸೇರಿಕೊಂಡಿದ್ದರೆ, ಯಾವ ಕಡತವೂ ತೆರೆಯದಿದ್ದರೆ, ಹಣ ಕೇಳುವ ಟಿಪ್ಪಣಿ ಫೋಲ್ಡರಿನಲ್ಲಿ ಕಂಡರೆ ಅದು ಹಂಚಿಕೆಯ ದೋಷವಲ್ಲ, ರಾನ್ಸಮ್‌ವೇರ್ ದಾಳಿ. ಶೇರ್ ಮಾಡಿದ ಫೋಲ್ಡರುಗಳ ಮೂಲಕವೇ ಅದು ಉಳಿದ ಕಡತಗಳಿಗೂ ತಲುಪುತ್ತದೆ. ತಕ್ಷಣ ಎಲ್ಲ ಕಂಪ್ಯೂಟರುಗಳ ಲ್ಯಾನ್ ಕೇಬಲ್ ತೆಗೆದು ವೈಫೈ ಆಫ್ ಮಾಡಿ, ಬ್ಯಾಕಪ್ ಡಿಸ್ಕನ್ನು ಯಾವ ಯಂತ್ರಕ್ಕೂ ಜೋಡಿಸಬೇಡಿ, ಏನನ್ನೂ ಅಳಿಸಬೇಡಿ. ಭಾರತದಲ್ಲಿ ಇಂಥ ಘಟನೆಗಳನ್ನು ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕು. ಅದರ 2022ರ ಏಪ್ರಿಲ್ ತಿಂಗಳ ನಿರ್ದೇಶನದಂತೆ ಕಂಪನಿಗಳೂ ಸರ್ಕಾರಿ ಸಂಸ್ಥೆಗಳೂ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು.

ಮೂಲ ಕಂಪ್ಯೂಟರಿನ ಡಿಸ್ಕ್ ಟಕಟಕ ಸದ್ದು ಮಾಡುತ್ತಿದ್ದರೆ ಅಥವಾ ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ವಿಂಡೋಸ್ ಕೇಳಿದರೆ ಬೇಡವೆಂದು ಹೇಳಿ ಯಂತ್ರವನ್ನು ಆಫ್ ಮಾಡಿ, ದತ್ತಾಂಶ ಮರಳಿ ಪಡೆಯುವವರನ್ನು ಸಂಪರ್ಕಿಸಿ. ಕಂಪ್ಯೂಟರ್ ಇಲಾಖೆಯ ಅಥವಾ ಸಂಸ್ಥೆಯ ಡೊಮೇನಿಗೆ ಸೇರಿದ್ದರೆ ದಿನಾಂಕ ಮತ್ತು ಸಮಯ ಸರಿಯಿದೆಯೇ ಎಂಬುದನ್ನು ಮಾತ್ರ ನೋಡಿ, ಏಕೆಂದರೆ ಗಡಿಯಾರ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಅಲ್ಲಿನ ಗುರುತಿನ ವ್ಯವಸ್ಥೆ ಒಪ್ಪದಿರಬಹುದು. ಉಳಿದದ್ದನ್ನು ಜಾಲದ ನಿರ್ವಾಹಕರಿಗೆ ಬಿಡಿ.

ತಂತ್ರಜ್ಞರನ್ನು ಕರೆಯುವಾಗ ಮೊದಲು ತೆಗೆದಿಟ್ಟ ದೋಷದ ಫೋಟೊ, ಎರಡೂ ಯಂತ್ರಗಳ ಐಪಿ ವಿಳಾಸ, 445ನೇ ಪೋರ್ಟಿನ ಪರೀಕ್ಷೆಯ ಫಲಿತಾಂಶ, ಎರಡರ ವಿಂಡೋಸ್ ಆವೃತ್ತಿ, ಮತ್ತು ಎಷ್ಟು ಜನರಿಗೆ ತೆರೆಯುತ್ತಿಲ್ಲವೆಂಬ ವಿವರವನ್ನು ಒಟ್ಟಿಗೆ ಕೊಡಿ. ತಾವಾಗಿಯೇ ಫೋನ್ ಮಾಡಿ ‘ನಿಮ್ಮ ಸರ್ವರಿನಲ್ಲಿ ದೋಷವಿದೆ’ ಎನ್ನುವ ಅಪರಿಚಿತರಿಗೆ ಕಂಪ್ಯೂಟರಿನ ದೂರ ನಿಯಂತ್ರಣವನ್ನಾಗಲಿ ಅಡ್ಮಿನ್ ಪಾಸ್‌ವರ್ಡನ್ನಾಗಲಿ ಕೊಡಬೇಡಿ.